ಆದೇಶ ಇದೆ, ದುಡ್ಡು ಬರ್ತಿಲ್ಲ: ಮಕ್ಕಳ ಜೀವನಾಂಶದ ಬಾಕಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ತಿಂಗಳಿಗೆ 4,000 ರೂಪಾಯಿ ಜೀವನಾಂಶ ಅಂತ ಆದೇಶವಾದ ದಿನ ಕೋರ್ಟಿನಿಂದ ಬರುವಾಗ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದಿದ್ದೆ. ಗೆದ್ದೆ ಅಂದುಕೊಂಡಿದ್ದೆ. ಆಮೇಲೆ 14 ತಿಂಗಳು ಒಂದು ರೂಪಾಯಿಯೂ ಬರಲಿಲ್ಲ.

ಈಗ ಮಗಳು ಪಿಯುಸಿ ಓದುತ್ತಿದ್ದಾಳೆ. ನಾನು ದಾವಣಗೆರೆಯಲ್ಲಿ ಅರೆಕಾನೂನು ಸ್ವಯಂಸೇವಕಿ. ವಕೀಲಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹರಿಹರ, ಚನ್ನಗಿರಿ, ಜಗಳೂರು, ಆ ಕಡೆ ಹೊಳಲ್ಕೆರೆ, ಚಿತ್ರದುರ್ಗದಿಂದಲೂ ಅಕ್ಕತಂಗಿಯರು ಬಂದು ಕೇಳುತ್ತಾರೆ. ಹರಪನಹಳ್ಳಿ ನಮ್ಮ ಜಿಲ್ಲೆ ಬಿಟ್ಟು ಹೋಗಿ ವರ್ಷಗಳಾದವು, ಆದರೂ ಅಲ್ಲಿಯವರು ಅಭ್ಯಾಸಕ್ಕೆ ಇಲ್ಲಿಗೇ ಬಸ್ ಹತ್ತುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಅಪ್ಪಂದಿರೂ ಕೇಳುತ್ತಾರೆ, ಅವರ ಪ್ರಶ್ನೆಗಳನ್ನೂ ಇಲ್ಲಿ ಹಾಕಿದ್ದೇನೆ.

ಆದೇಶ ಆಯ್ತಲ್ಲ, ಇನ್ನು ಕೋರ್ಟೇ ದುಡ್ಡು ವಸೂಲಿ ಮಾಡಿ ಕೊಡುತ್ತೆ ಅಲ್ವಾ?

ಇಲ್ಲ. ಎಲ್ಲರೂ ಎಡವುವ ಜಾಗ ಇದು. ನಾನು ಎಡವಿದ್ದೂ ಇಲ್ಲೇ.

ಆದೇಶಕ್ಕೆ ಸಹಿ ಬಿದ್ದ ಮೇಲೆ ಆ ಫೈಲು ಕಟ್ಟಿಸಿಕೊಂಡು ರೆಕಾರ್ಡ್ ರೂಮಿಗೆ ಹೋಗುತ್ತದೆ. ಅಪ್ಪ ಕಟ್ಟಿದನಾ ಇಲ್ಲವಾ ಅಂತ ತಿಂಗಳು ತಿಂಗಳು ನೋಡುವವರು ಅಲ್ಲಿ ಯಾರೂ ಇಲ್ಲ. ಕಟ್ಟಿಲ್ಲ ಅಂತ ನೀವೇ ಹೋಗಿ ಹೇಳಬೇಕು. ಅದಕ್ಕೆ ಬೇರೆ ಅರ್ಜಿ, ಬೇರೆ ನಂಬರು. ನಾವು ಅದನ್ನು ವಸೂಲಿ ಅರ್ಜಿ ಅನ್ನುತ್ತೇವೆ, ವಕೀಲರ ಬಾಯಲ್ಲಿ ಅದು ‘ಕ್ರಿಮಿನಲ್ ಮಿಸ್’.

ಮೊದಲು ಇದೆಲ್ಲ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್‌ನಲ್ಲಿ ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಜೀವನಾಂಶ 144ನೇ ಸೆಕ್ಷನ್. ನಿಮ್ಮ ಆದೇಶದಲ್ಲಿ 125 ಅಂತ ಇದ್ದರೆ ಗಾಬರಿ ಬೇಡ, ಆದೇಶ ಕೆಟ್ಟಿಲ್ಲ. ಕಟ್ಟದಿದ್ದರೆ ಏನು ಮಾಡಬಹುದು ಅನ್ನುವುದು ಅದೇ ಸೆಕ್ಷನ್‌ನ 3ನೇ ಉಪವಿಭಾಗದಲ್ಲಿದೆ. ಹಳೆಯದರಲ್ಲೂ 3, ಹೊಸದರಲ್ಲೂ 3.

ಒಂದು ವರ್ಷದೊಳಗೆ ಅರ್ಜಿ ಹಾಕಬೇಕು ಅಂತಾರಲ್ಲ, ಅದು ಏನು ಲೆಕ್ಕ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಹೊತ್ತು ಇದ್ದರೆ ಇದನ್ನು ಓದಿ.

ಯಾವ ತಿಂಗಳ ದುಡ್ಡು ಯಾವತ್ತು ಬರಬೇಕಿತ್ತೋ, ಆ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿರಬೇಕು. ತಡವಾದರೆ ಆ ತಿಂಗಳಿಗೆ ವಾರಂಟ್ ಹೊರಡಿಸಲು ಬರುವುದಿಲ್ಲ. ಪ್ರತಿ ತಿಂಗಳಿಗೂ ಅದರದ್ದೇ ಗಡುವು. ಜನ ಇದನ್ನು ಆದೇಶವಾದ ದಿನದಿಂದ ಒಂದು ವರ್ಷ ಅಂತ ತಿಳಿದುಕೊಂಡು, ‘ನಂದು ಮುಗಿದೇ ಹೋಯ್ತು’ ಅಂತ ಅಳುತ್ತ ಬರುತ್ತಾರೆ. ಹಾಗಲ್ಲ. ಆದೇಶಕ್ಕೆ ಐದು ವರ್ಷವಾಗಿದ್ದರೂ ಹಿಂದಿನ 12 ತಿಂಗಳ ಬಾಕಿಗೆ ಇವತ್ತು ಅರ್ಜಿ ಹಾಕಬಹುದು.

ನನ್ನದೇ ಲೆಕ್ಕ ಹೇಳುತ್ತೇನೆ. 14 ತಿಂಗಳು, 4,000ದಂತೆ 56,000. ‘ಇವತ್ತಲ್ಲ ನಾಳೆ ಕೊಡ್ತಾರೆ, ಮಗುವಿನ ಅಪ್ಪ ಅಲ್ವಾ’ ಅಂತ ನಮ್ಮಮ್ಮ ಹೇಳುತ್ತ ಬಂದರು, ನಾನು ಕಾಯುತ್ತ ಬಂದೆ. ಅರ್ಜಿ ಹಾಕುವ ಹೊತ್ತಿಗೆ ಮೊದಲ ಎರಡು ತಿಂಗಳು ಗಡುವು ದಾಟಿದ್ದವು. 8,000 ಆ ದಾರಿಯಿಂದ ಹೊರಗೆ ಬಿತ್ತು. 48,000ಕ್ಕೆ ಮಾತ್ರ ಅರ್ಜಿ. ಆ 8,000 ಮಗಳ ಒಂದು ವರ್ಷದ ಸ್ಕೂಲ್ ಆಟೋ ಬಾಡಿಗೆ ಆಗಿತ್ತು.

ಗಡುವು ದಾಟಿದ ಬಾಕಿ ಸತ್ತೇ ಹೋಯಿತು ಅಂತಲೂ ಅಲ್ಲ. ಈ ಒಂದು ವರ್ಷದ ಮಿತಿ ವಾರಂಟ್ ದಾರಿಗೆ ಮಾತ್ರ, ಹಣದ ಮೇಲಿನ ಹಕ್ಕು ಅಳಿಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಸಿವಿಲ್ ಡಿಕ್ರಿ, ಅಂದರೆ ಸಿವಿಲ್ ಕೋರ್ಟಿನ ತೀರ್ಪಿನ ಹಣ, ವಸೂಲಿ ಮಾಡುವ ರೀತಿಯಲ್ಲಿ ಪ್ರಯತ್ನಿಸಬಹುದು. ಆದರೆ ಅದು ಉದ್ದದ ದಾರಿ. ಸುಮ್ನೆ ಆ ಪಜೀತಿ ಯಾಕೆ? ಮೂರು ತಿಂಗಳು ತಪ್ಪಿದರೆ ಅರ್ಜಿ ಹಾಕಿ. ಮತ್ತೆ ತಪ್ಪಿದರೆ ಮತ್ತೊಂದು ಹಾಕಿ. ‘ಇಷ್ಟು ಬೇಗ ಹಾಕಿದರೆ ಸಂಬಂಧ ಕೆಡುತ್ತೆ’ ಅನ್ನುವವರಿಗೆ ನಾನು ಕೇಳುವುದು ಇಷ್ಟೇ: ಕೆಡೋದಕ್ಕೆ ಇನ್ನೇನು ಉಳಿದಿದೆ?

ಒಂದು ಲೆಕ್ಕದ ಪುಸ್ತಕ ಇಡಿ. ನನ್ನದು ಕೆಂಪು ರಟ್ಟಿನದು, ಕಿರಾಣಿ ಅಂಗಡಿಯವರು ಉದ್ರಿ ಬರೆಯುತ್ತಾರಲ್ಲ, ಅಂಥದ್ದು. ಎಡಗಡೆ ತಿಂಗಳು, ನಡುವೆ ಬರಬೇಕಿದ್ದದ್ದು, ಬಲಗಡೆ ಬಂದದ್ದು, ಯಾವ ದಿನ, ಹೇಗೆ. ಬರದಿದ್ದರೆ ಸೊನ್ನೆ. ಆ ಖಾನೆ ಖಾಲಿ ಬಿಡಬೇಡಿ, ಸೊನ್ನೆ ಅಂತಲೇ ಬರೆಯಿರಿ. ಆರು ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಕೋರ್ಟಿನಲ್ಲಿ ಎದುರು ವಕೀಲರು ‘ಎಲ್ಲಾ ಕೊಟ್ಟಿದ್ದಾರೆ ಸ್ವಾಮಿ’ ಅಂದಾಗ ನನ್ನ ವಕೀಲರು ಏನೂ ಮಾತಾಡಲಿಲ್ಲ, ಆ ಪುಸ್ತಕವನ್ನೂ ಪಾಸ್‌ಬುಕ್ಕನ್ನೂ ಮೇಲೆ ಕೊಟ್ಟರು ಅಷ್ಟೇ.

ಅರ್ಜಿ ಎಲ್ಲಿ ಹಾಕಬೇಕು? ಅವರು ಈಗ ಬೆಂಗಳೂರಲ್ಲಿದ್ದಾರೆ.

ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದರೆ ಅಲ್ಲಿ. ಅದರ ವ್ಯಾಪ್ತಿಗೆ ಬರದ ಊರಾದರೆ ತಾಲೂಕಿನ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟು. ಆದೇಶ ಎಲ್ಲಿ ಆಗಿದೆಯೋ ಅಲ್ಲೇ ವಸೂಲಿ ಅರ್ಜಿ ಹಾಕುವುದು ವಾಡಿಕೆ.

ಅವರು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಕೂತಿದ್ದರೆ ಇನ್ನೊಂದು ದಾರಿ ಇದೆ. ಆದೇಶವನ್ನು ಅವರು ಇರುವ ಊರಿನ ಮ್ಯಾಜಿಸ್ಟ್ರೇಟರೂ ಜಾರಿ ಮಾಡಬಹುದು. ಹೊಸ ಕಾನೂನಿನ 147ನೇ ಸೆಕ್ಷನ್ ಹಾಗೆನ್ನುತ್ತದೆ. ಆದೇಶದ ನಕಲನ್ನು ನಿಮಗೆ ದುಡ್ಡು ತಗೊಳ್ಳದೆ ಕೊಡಬೇಕು ಅನ್ನುವುದೂ ಅದೇ ಸೆಕ್ಷನ್‌ನಲ್ಲಿದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ. ಏನು ಮಾಡಲಿ?

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. ತಾಲೂಕುಗಳಲ್ಲಿ ತಾಲೂಕು ಸಮಿತಿ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಉಚಿತ ವಕೀಲರನ್ನು ಕೊಡಲು ಆದಾಯದ ಮಿತಿ ನೋಡುವುದಿಲ್ಲ. ‘ನಾನು ಟೀಚರ್, ನನಗೆ ಕೊಡಲ್ಲ’ ಅಂತ ಒಬ್ಬರು ಬಾಗಿಲಿನಿಂದಲೇ ವಾಪಸ್ ಹೊರಟಿದ್ದರು. ಕೊಡುತ್ತಾರೆ. ಫೋನಿನಲ್ಲಿ ಕೇಳಬೇಕಾದರೆ 15100.

ಅರ್ಜಿ ಹಾಕಿದ ಮೇಲೆ ಏನಾಗುತ್ತೆ?

ಮೊದಲು ಅವರಿಗೆ ನೋಟಿಸ್ ಹೋಗುತ್ತದೆ. ಬಂದು ಕಟ್ಟಿದರೆ ಅಲ್ಲಿಗೆ ಸರಿ. ಬಾರದಿದ್ದರೆ, ಬಂದೂ ಸರಿಯಾದ ಕಾರಣ ಕೊಡದಿದ್ದರೆ, ದಂಡ ವಸೂಲಿ ಮಾಡುವ ರೀತಿಯಲ್ಲೇ ಬಾಕಿ ವಸೂಲಿಗೆ ವಾರಂಟ್ ಹೊರಡುತ್ತದೆ. ಕೋರ್ಟಿನ ಜಗುಲಿಯಲ್ಲಿ ‘ಎಫ್‌ಎಲ್‌ಡಬ್ಲ್ಯೂ ಹೋಗಿದೆ’ ಅಂತ ಮಾತು ಕೇಳಿದರೆ ಅದು ಇದೇ, ಫೈನ್ ಲೆವಿ ವಾರಂಟ್. ಅದರಲ್ಲಿ ಅವರ ಚರಾಸ್ತಿ ಜಪ್ತಿ ಮಾಡಿ ಮಾರಬಹುದು. ಗಾಡಿ, ಟ್ರ್ಯಾಕ್ಟರ್ ಎಲ್ಲ ಇದರಲ್ಲಿ ಬರುತ್ತವೆ. ಇಲ್ಲವೇ ಜಿಲ್ಲಾಧಿಕಾರಿಗೆ ಬರೆದು, ಭೂಕಂದಾಯದ ಬಾಕಿ ವಸೂಲಿ ಮಾಡಿದ ಹಾಗೆ ಜಮೀನಿನಿಂದಲೂ ವಸೂಲಿ ಮಾಡಿಸಬಹುದು. ಅದರಿಂದಲೂ ಬಾರದೆ ಉಳಿದ ಬಾಕಿಗೆ ಜೈಲು. ಒಂದು ತಿಂಗಳವರೆಗೆ, ಅದಕ್ಕೂ ಮೊದಲೇ ಕಟ್ಟಿದರೆ ಕಟ್ಟಿದ ದಿನದವರೆಗೆ.

ಪುಸ್ತಕದಲ್ಲಿ ಇದು ಹೀಗೆ ನೇರ ಕಾಣುತ್ತದೆ. ನಿಜದಲ್ಲಿ ಹೆಚ್ಚು ದಿನ ತಿನ್ನುವುದು ವಾರಂಟ್ ಜಾರಿ. ನನ್ನ ಮೊದಲ ವಾರಂಟ್ ಸ್ಟೇಷನ್‌ನಿಂದ ‘ಮನೆಯಲ್ಲಿ ಇಲ್ಲ’ ಅಂತ ಷರಾ ಬರೆಸಿಕೊಂಡು ವಾಪಸ್ ಬಂತು. ಅದೇ ವಾರ ಅವರು ಊರಿನ ಮದುವೆಯಲ್ಲಿ ಬಡಿಸುತ್ತಿದ್ದ ಫೋಟೋ ನನ್ನ ತಂಗಿಯ ಮೊಬೈಲಿಗೆ ಬಂದಿತ್ತು! ಅವತ್ತಿನಿಂದ ಒಂದು ಪಾಠ ಕಲಿತೆ. ವಾರಂಟ್ ಹೊರಟ ಮೇಲೆ ಮನೆಯಲ್ಲಿ ಕೂರಬಾರದು. ಅದು ಯಾವ ಸ್ಟೇಷನ್‌ಗೆ ಹೋಗಿದೆ, ಯಾವ ನಂಬರು ಅಂತ ಬರೆದುಕೊಂಡು, ಎರಡು ದಿನ ಬಿಟ್ಟು ನೀವೇ ಸ್ಟೇಷನ್‌ಗೆ ಹೋಗಿ. ಅವರು ಎಲ್ಲಿ ಕೆಲಸ ಮಾಡುತ್ತಾರೆ, ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ. ಅಡಿಕೆ ಕೊಯ್ಲಿನಲ್ಲಿ ತೋಟದಲ್ಲಿ ಇರುತ್ತಾರಾ, ದುಗ್ಗಮ್ಮನ ಜಾತ್ರೆಗೆ ಊರಿಗೆ ಬರುತ್ತಾರಾ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವಿಳಾಸ ಬದಲಾಗಿದ್ದರೆ ವಕೀಲರ ಮೂಲಕ ಕೋರ್ಟಿಗೂ ಮೆಮೋ ಕೊಡಿಸಿ.

ಎರಡನೇ ವಾರಂಟಿಗೆ ಪೊಲೀಸರು ಅವರನ್ನು ಕರೆತಂದರು. ಊಟದ ಬಿಡುವಿಗೆ ಸ್ವಲ್ಪ ಮುಂಚೆ. ‘ನನ್ನ ಹತ್ರ ಏನೂ ಇಲ್ಲ’ ಅಂದರು. ಹಾಗಾದರೆ ಜೈಲು ಅನ್ನುವ ಮಾತು ಬಂದ ಮೇಲೆ ಅವರ ಅಣ್ಣ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ಮೂರು ಗಂಟೆಗೆ 20,000 ಬಂತು. 500ರ ನೋಟು, ಹಾಲಿನ ಪಾಕೀಟಿಗೆ ಹಾಕುವಂಥ ರಬ್ಬರ್ ಬ್ಯಾಂಡು. ಬೆಂಚ್ ಕ್ಲರ್ಕ್ ಮುಂದೆ ಎಣಿಸಿ, ಆರ್ಡರ್ ಶೀಟಿನಲ್ಲಿ ಸಹಿ ಹಾಕಿ ತೆಗೆದುಕೊಂಡೆ. ಉಳಿದ 28,000ಕ್ಕೆ ಎರಡು ಕಂತು ಬರೆಸಿಕೊಂಡರು. 14 ತಿಂಗಳಿಂದ ಇಲ್ಲದ ದುಡ್ಡು ಎರಡು ಗಂಟೆಯಲ್ಲಿ ಹುಟ್ಟಿತು. ನಾನು ಖುಷಿಪಡಲಿಲ್ಲ, ಕೈ ನಡುಗುತ್ತಿತ್ತು.

ಜೈಲಿಗೆ ಹೋಗಿ ಬಂದರೆ ಬಾಕಿ ಮಾಫಿನಾ?

ಅಲ್ಲ. ‘ಒಂದು ತಿಂಗಳು ಒಳಗೆ ಇದ್ದು ಬರ್ತೀನಿ, ಲೆಕ್ಕ ಚುಕ್ತಾ’ ಅಂತ ಮೀಸೆ ತಿರುವುವವರು ಇದ್ದಾರೆ. ಜೈಲು ಅನ್ನುವುದು ಕಟ್ಟಿಸಲು ಹಾಕುವ ಒತ್ತಡ, ಕಟ್ಟಿದ್ದಕ್ಕೆ ಬದಲಿ ಅಲ್ಲ. ಸುಪ್ರೀಂ ಕೋರ್ಟ್ ಇದನ್ನು 1989ರಲ್ಲೇ ಹೇಳಿದೆ. ಹೊರಗೆ ಬಂದ ಮೇಲೂ ಆ ಬಾಕಿ ಹಾಗೇ ಇರುತ್ತದೆ, ಅವರ ಆಸ್ತಿಯಿಂದ ವಸೂಲಿ ಮಾಡಬಹುದು. ಮುಂದಿನ ತಿಂಗಳುಗಳಿಗೆ ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ವಾರಂಟ್.

ಆದರೆ ಒಂದು ಮಾತು. ಜೈಲಿನಲ್ಲಿ ಕೂತವರು ದುಡಿಯುವುದಿಲ್ಲ. ನನಗೆ ಬೇಕಾಗಿದ್ದದ್ದು ಅವರ ಸಂಬಳ, ಅವರ ಅವಮಾನ ಅಲ್ಲ. ಸಂಬಳವೋ ಜಮೀನೋ ಕೈಗೆ ಸಿಗುವಂತಿದ್ದರೆ ಮೊದಲು ಅದನ್ನು ಹಿಡಿಯಿರಿ ಅಂತಲೇ ನಾನು ಹೇಳುವುದು.

ಸಂಬಳದಲ್ಲೇ ಹಿಡಿಸೋಕೆ ಆಗುತ್ತಾ?

ಆಗುತ್ತೆ. ಜೀವನಾಂಶದ ಆದೇಶಗಳನ್ನು ಸಿವಿಲ್ ಕೋರ್ಟಿನ ಹಣದ ಡಿಕ್ರಿಯಂತೆ ಜಾರಿ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರ ತೀರ್ಪಿನಲ್ಲಿ ಹೇಳಿದೆ. ರಜನೀಶ್ ವಿರುದ್ಧ ನೇಹಾ ಅಂದರೆ ಯಾವ ವಕೀಲರಿಗೂ ಗೊತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೇ ಒಂದು ಭಾಗವನ್ನು ಮಾತ್ರ ಮುಟ್ಟಬಾರದು ಅನ್ನುತ್ತದೆ. ಅಂದರೆ ಮೂರರಲ್ಲಿ ಎರಡು ಭಾಗದವರೆಗೆ ಜಪ್ತಿಗೆ ಅವಕಾಶ ಇದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಆದೇಶ ಆಗಿದ್ದರೆ ಇನ್ನೂ ಸುಲಭ. ಅದರ 20ನೇ ಸೆಕ್ಷನ್‌ನಲ್ಲಿ, ಕೆಲಸ ಕೊಟ್ಟವರೇ ಸಂಬಳದ ಒಂದು ಭಾಗವನ್ನು ನೇರ ನಿಮಗೆ ಕೊಡಲಿ ಇಲ್ಲವೇ ಕೋರ್ಟಿಗೆ ಕಟ್ಟಲಿ ಅಂತ ಮ್ಯಾಜಿಸ್ಟ್ರೇಟ್ ಹೇಳಬಹುದು.

ಸರ್ಕಾರಿ ನೌಕರ, ಕೆಎಸ್‌ಆರ್‌ಟಿಸಿ ಡ್ರೈವರ್, ಫ್ಯಾಕ್ಟರಿ ಕೆಲಸದವರು ಅಂದರೆ ಈ ದಾರಿ ಚೆನ್ನ. ಸಂಬಳದ ಚೀಟಿ ಇಲ್ಲದವರಲ್ಲೇ ಕಷ್ಟ.

ಅವರದ್ದು ಸಂಬಳ ಅಲ್ಲ, ತೋಟ. ಆದಾಯ ಇಲ್ಲ ಅಂತಾರೆ. ಹೇಗೆ ತೋರಿಸಲಿ?

ನಮ್ಮ ಭಾಗದಲ್ಲಿ ಜಾಸ್ತಿ ಬರುವ ಪ್ರಶ್ನೆ ಇದೇ. ಚನ್ನಗಿರಿ ಕಡೆ ಅಡಿಕೆ, ಭದ್ರಾ ನಾಲೆ ಬಯಲಿನಲ್ಲಿ ಭತ್ತ, ಜಗಳೂರಿನಲ್ಲಿ ಮೆಕ್ಕೆಜೋಳ, ಚಳ್ಳಕೆರೆಯಲ್ಲಿ ಶೇಂಗಾ. ಇದಕ್ಕೆ ಯಾರೂ ಸ್ಯಾಲರಿ ಸ್ಲಿಪ್ ಕೊಡುವುದಿಲ್ಲ. ಜೆಸಿಬಿ, ಬೋರ್‌ವೆಲ್ ಲಾರಿ ಇಟ್ಟವರೂ ಕೋರ್ಟಿನಲ್ಲಿ ಕೂಲಿಯವರಾಗಿಬಿಡುತ್ತಾರೆ.

ಈಗ ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರದ ಅಫಿಡವಿಟ್ ಕೊಡಲೇಬೇಕು. ಇದೂ ಮೇಲೆ ಹೇಳಿದ 2020ರ ತೀರ್ಪಿನಿಂದ ಬಂದದ್ದು. ಅದರಲ್ಲಿ ಸುಳ್ಳು ಬರೆದರೆ ಬೇರೆ ಕೇಸಾಗುತ್ತದೆ. ಅವರು ಬರೆದದ್ದನ್ನು ಒಡೆಯಲು ನಿಮ್ಮ ಹತ್ತಿರ ಕಾಗದ ಇರಬೇಕು. ಪಹಣಿ ತೆಗೆಸಿ. ಸರ್ವೆ ನಂಬರ್ ಗೊತ್ತಿದ್ದರೆ ನಾಡಕಚೇರಿಯಲ್ಲೋ ಆನ್‌ಲೈನ್‌ನಲ್ಲೋ ಸಿಗುತ್ತದೆ. ಬೆಳೆ ಕಾಲಂನಲ್ಲಿ ಅಡಿಕೆ ಅಂತ ಇದ್ದರೆ ಅರ್ಧ ಕೆಲಸ ಆದ ಹಾಗೆ. ಅಡಿಕೆ ಸೊಸೈಟಿಗೆ ಹಾಕಿದ್ದರೆ, ಎಪಿಎಂಸಿಯಲ್ಲಿ ಮಾರಿದ್ದರೆ, ಆ ದಾಖಲೆ ತರಿಸಲು ಕೋರ್ಟಿಗೆ ಅರ್ಜಿ ಹಾಕಬಹುದು. ಗಾಡಿ ನಂಬರ್ ಇದ್ದರೆ ಆರ್‌ಟಿಓ ದಾಖಲೆ. ಫೇಸ್‌ಬುಕ್‌ನಲ್ಲಿ ಹೊಸ ಬುಲೆಟ್ ಮುಂದೆ ನಿಂತ ಫೋಟೋ ಇದ್ದರೆ ಅದನ್ನೂ ತೆಗೆದಿಡಿ.

ಜಮೀನನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡಿದರೆ ಮುಗಿಯಿತು ಅಂತ ಕೆಲವರು ಅಂದುಕೊಂಡಿರುತ್ತಾರೆ. ಜೀವನಾಂಶದ ಹಕ್ಕು ಇರುವುದು ಗೊತ್ತಿದ್ದೂ ಕೊಂಡವರ ಮೇಲೆ, ಅಥವಾ ಪುಕ್ಕಟೆ ಪಡೆದವರ ಮೇಲೆ, ಆ ಹಕ್ಕು ಆಸ್ತಿಯ ಜೊತೆಗೇ ಹೋಗುತ್ತದೆ. ಹಿಂದೂಗಳಿಗೆ ಇದು 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 28ನೇ ಸೆಕ್ಷನ್. ಅಂಥ ಸುದ್ದಿ ಕಿವಿಗೆ ಬಿದ್ದ ದಿನವೇ ವಕೀಲರಿಗೆ ಹೇಳಿ.

‘ನನಗೆ ಕೆಲಸಾನೇ ಇಲ್ಲ’ ಅಂತಾರೆ.

ಗಟ್ಟಿಮುಟ್ಟಾಗಿರುವ ಮನುಷ್ಯ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2022ರಲ್ಲೂ ಹೇಳಿದೆ. ಇನ್ನೊಂದು ಮದುವೆ ಆಗಿದೆ, ಖರ್ಚು ಜಾಸ್ತಿ ಅನ್ನುವುದೂ ನೆಪವೇ. ಬೈಕಿನ ಇಎಂಐ, ಚೀಟಿ ಕಂತು ಇವುಗಳನ್ನು ಮಗುವಿನ ಊಟದ ಮುಂದೆ ಇಡಲು ಬರುವುದಿಲ್ಲ.

ನಾನು ಅಪ್ಪ. ನಿಜವಾಗ್ಲೂ ಕೆಲಸ ಹೋಗಿದೆ. ಕಟ್ಟೋದು ನಿಲ್ಲಿಸಲಾ?

ನಿಲ್ಲಿಸಬೇಡಿ ಅಣ್ಣಾ. ನಿಲ್ಲಿಸಿ ಸುಮ್ಮನೆ ಕೂತರೆ ಬಾಕಿ ಬೆಳೆಯುತ್ತ ಹೋಗುತ್ತದೆ. ಪರಿಸ್ಥಿತಿ ಬದಲಾಗಿದೆ, ಮೊತ್ತ ಕಡಿಮೆ ಮಾಡಿ ಅಂತ ಕೋರ್ಟಿಗೆ ನೀವೇ ಅರ್ಜಿ ಹಾಕಿ. ಅದು ಹೊಸ ಕಾನೂನಿನ 146ನೇ ಸೆಕ್ಷನ್. ಕೆಲಸದಿಂದ ತೆಗೆದ ಪತ್ರ, ಆಸ್ಪತ್ರೆ ಚೀಟಿ, ಏನಿದೆಯೋ ಹಾಕಿ. ಅಲ್ಲಿಯವರೆಗೆ ಆದಷ್ಟು ಕಟ್ಟುತ್ತಿರಿ. 4,000 ಬದಲು 1,500 ಹಾಕಿದ್ದರೂ ಅದು ಬ್ಯಾಂಕಿನಲ್ಲಿ ಕಾಣುತ್ತದೆ. ಏನೂ ಕೊಡದವರಿಗೂ ಸ್ವಲ್ಪ ಕೊಟ್ಟವರಿಗೂ ಜಡ್ಜ್ ನೋಡುವ ನೋಟ ಬೇರೆ. ಅದನ್ನು ನಾನು ಬೆಂಚಿನ ಮೇಲೆ ಕೂತು ಎಷ್ಟೋ ಸಲ ನೋಡಿದ್ದೇನೆ.

ನೀವಿಲ್ಲದಾಗ ಎಕ್ಸ್‌ಪಾರ್ಟಿ ಆದೇಶ ಆಗಿದ್ದರೆ, ಬರಲಾಗದ್ದಕ್ಕೆ ತಕ್ಕ ಕಾರಣ ತೋರಿಸಿ ಅದನ್ನು ತೆಗೆಸಲು ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು.

ನಾನು ಫೀಸು ಕಟ್ಟಿದೀನಿ, ಹಬ್ಬಕ್ಕೆ ಬಟ್ಟೆ ಕೊಡಿಸಿದೀನಿ. ಅದು ಲೆಕ್ಕಕ್ಕಿಲ್ವಾ?

ಆದೇಶದಲ್ಲಿ ‘ತಿಂಗಳಿಗೆ ಇಷ್ಟು ಹಣ’ ಅಂತ ಇದ್ದರೆ ಬಟ್ಟೆ, ಸೈಕಲ್ಲು ಅದರಲ್ಲಿ ಕಳೆಯುತ್ತವೆ ಅಂತ ನಂಬಿ ಕೂರಬೇಡಿ. ಕೈಗೆ ನಗದು ಕೊಡಬೇಡಿ. ಬ್ಯಾಂಕಿಗೋ ಫೋನ್‌ಪೇಗೋ ಹಾಕಿ, ‘ಜೂನ್ ತಿಂಗಳ ಜೀವನಾಂಶ’ ಅಂತ ಬರೆಯಿರಿ. ಕೈಗೆ ಕೊಟ್ಟೆ, ಆಕೆ ಇಲ್ಲ ಅನ್ನುತ್ತಾಳೆ ಅಂತ ಬಂದ ಅಪ್ಪಂದಿರಲ್ಲಿ ನಿಜ ಹೇಳುವವರೂ ಇದ್ದರು. ತೋರಿಸಲು ಮಾತ್ರ ಏನೂ ಇರಲಿಲ್ಲ.

ಮಗೂನ ನೋಡೋಕೆ ಬಿಡಲ್ಲ, ಅದಕ್ಕೆ ದುಡ್ಡು ಕೊಡಲ್ಲ. ಸರಿನಾ?

ಎರಡೂ ಬೇರೆ ಬೇರೆ. ಭೇಟಿಗೆ ಬಿಡುತ್ತಿಲ್ಲ ಅಂದರೆ ಅದಕ್ಕೆ ಅರ್ಜಿ ಹಾಕಿ, ದುಡ್ಡು ನಿಲ್ಲಿಸಬೇಡಿ. ಅಮ್ಮಂದಿರಿಗೂ ಇದೇ ಮಾತು. ದುಡ್ಡು ಬಂದಿಲ್ಲ ಅಂತ, ಕೋರ್ಟು ಕೊಟ್ಟ ಭೇಟಿಯ ದಿನ ಮಗುವನ್ನು ಅಜ್ಜಿ ಊರಿಗೆ ಕಳಿಸಿಬಿಡಬೇಡಿ. ನಾನು ಒಂದು ಸಲ ಹಾಗೆ ಮಾಡಿದೆ. ಜಡ್ಜ್ ಎದುರು ತಲೆ ತಗ್ಗಿಸಿ ನಿಂತೆ, ಅವತ್ತಿಡೀ ಮಾತು ನನ್ನ ತಪ್ಪಿನ ಮೇಲೇ ನಡೆಯಿತು, ಬಾಕಿಯ ವಿಷಯ ಮುಂದಿನ ಡೇಟಿಗೆ ಹೋಯಿತು.

ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ ಬರೆಸಿದ್ದಾರೆ. ಅದಕ್ಕೆ ಬೆಲೆ ಇದೆಯಾ?

ಪಂಚಾಯ್ತಿಯಲ್ಲಿ ‘ಒಂದು ಲಕ್ಷ ಕೊಟ್ಟಿದೆ, ಇನ್ನು ಮುಂದೆ ಮಗುವಿಗೆ ಏನೂ ಕೇಳುವುದಿಲ್ಲ’ ಅಂತ ಬರೆಸಿ, ಅಮ್ಮನ ಹೆಬ್ಬೆಟ್ಟು ಹಾಕಿಸಿದ ಕಾಗದ ನಮ್ಮ ಕಡೆ ವಾರಕ್ಕೊಂದಾದರೂ ಕಣ್ಣಿಗೆ ಬೀಳುತ್ತದೆ. ಮಗುವಿನ ಹಕ್ಕನ್ನು ಅಮ್ಮ ಬರೆದುಕೊಡಲು ಬರುವುದಿಲ್ಲ, ಅದು ಮಗುವಿನದ್ದು. ಆ ಕಾಗದ ಇದ್ದರೂ ಮಗುವಿನ ಪರವಾಗಿ ಅರ್ಜಿ ಹಾಕಬಹುದು. ಆದರೆ ಆ ಕಾಗದವನ್ನೇ ಹಿಡಿದು ವಾರಂಟ್ ಕೇಳಲು ಆಗದು, ಅದು ಕೋರ್ಟಿನ ಆದೇಶ ಅಲ್ಲವಲ್ಲ. ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಸಲ ಒಳ್ಳೆಯದಕ್ಕೇ ಮಾಡಿರುತ್ತಾರೆ.

ರಾಜಿಯೇ ಬೇಕು ಅಂದರೆ ಲೋಕ ಅದಾಲತ್‌ನಲ್ಲಿ ಮಾಡಿಕೊಳ್ಳಿ. ಅಲ್ಲಿ ಆಗುವ ಅವಾರ್ಡಿಗೆ ಸಿವಿಲ್ ಡಿಕ್ರಿಯ ಬಲ ಇರುತ್ತದೆ. ಕಂತು, ದಿನಾಂಕ, ಬ್ಯಾಂಕ್ ಖಾತೆ ನಂಬರ್ ಎಲ್ಲ ಅದರಲ್ಲೇ ಬರೆಸಿ. ‘ಆದಷ್ಟು ಬೇಗ ಕೊಡುತ್ತೇನೆ’ ಅನ್ನುವ ಸಾಲಿಗೆ ಸಹಿ ಹಾಕಬೇಡಿ.

ನನಗೆ ಕೆಲಸ ಇದೆ. ಆದರೂ ಮಗುವಿಗೆ ಸಿಗುತ್ತಾ?

ಸಿಗುತ್ತೆ. ಇಬ್ಬರ ದುಡಿಮೆ ನೋಡಿ ಮಗುವಿನ ಖರ್ಚನ್ನು ಹಂಚುತ್ತಾರೆ, ಅಷ್ಟೇ.

ಎಷ್ಟು ವಯಸ್ಸಿನವರೆಗೆ?

144ರ ಕೆಳಗೆ ಸಾಮಾನ್ಯವಾಗಿ 18 ತುಂಬುವವರೆಗೆ. ದೈಹಿಕ ಅಥವಾ ಮಾನಸಿಕ ತೊಂದರೆಯಿಂದ ದುಡಿಯಲಾಗದ ಮಕ್ಕಳಿಗೆ ಆಮೇಲೂ ಇದೆ. ಹಿಂದೂ ಕುಟುಂಬದ ಮದುವೆಯಾಗದ ಮಗಳು, ತನ್ನನ್ನು ತಾನು ಸಾಕಿಕೊಳ್ಳಲು ಆಗದಿದ್ದರೆ, 1956ರ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ 18ರ ಮೇಲೂ ಕೇಳಬಹುದು. ಅದು ಬೇರೆ ದಾವೆ. ನನ್ನ ಮಗಳಿಗೆ ಮುಂದಿನ ವರ್ಷ ಅದೇ ದಾರಿ ಹಿಡಿಯಬೇಕು. ಮಗುವಿಗೆ 18 ಆಯಿತು ಅಂತ ಹಿಂದಿನ ಬಾಕಿ ಮಾತ್ರ ಅಳಿಯುವುದಿಲ್ಲ.

ನಮ್ಮದು ಮದುವೆನೇ ಆಗಿರಲಿಲ್ಲ. / ನಾವು ಮುಸ್ಲಿಮರು, ನಮಗೂ ಇದೆಯಾ?

ಎರಡಕ್ಕೂ ಹೌದು. ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ಹಕ್ಕಿದೆ ಅಂತ ಸೆಕ್ಷನ್‌ನಲ್ಲೇ ಬರೆದಿದೆ. ಜೀವನಾಂಶದ ಈ ಸೆಕ್ಷನ್ ಯಾವ ಧರ್ಮ ಅಂತ ಕೇಳುವುದಿಲ್ಲ. ತಲಾಕ್ ಆದ ಮೇಲೂ ಮುಸ್ಲಿಂ ಮಕ್ಕಳು ಅಪ್ಪನಿಂದ ಇದರಡಿ ಜೀವನಾಂಶ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ.

ಅವರು ಹೈಕೋರ್ಟ್‌ಗೆ ಹೋಗಿದಾರಂತೆ. ಇನ್ನು ಕಾಯಬೇಕಾ?

ಹೋದರು ಅಂದ ಮಾತ್ರಕ್ಕೆ ಏನೂ ನಿಲ್ಲುವುದಿಲ್ಲ. ಸ್ಟೇ ಆದೇಶ ತೋರಿಸಲಿ. ಸ್ಟೇ ಇಲ್ಲದಿದ್ದರೆ ವಸೂಲಿ ಮುಂದುವರಿಯುತ್ತದೆ. ಸ್ಟೇ ಕೊಡುವಾಗಲೂ ಬಾಕಿಯಲ್ಲಿ ಇಷ್ಟು ಕಟ್ಟಿ ಅನ್ನುವ ಷರತ್ತು ಹಾಕುವುದುಂಟು. ನಮಗೆ ಧಾರವಾಡ ಪೀಠ ಹತ್ತಿರ, ಆದರೆ ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರಿನ ಪ್ರಧಾನ ಪೀಠಕ್ಕೇ ಸೇರುತ್ತವೆ. ಕೇಸಿನ ಸ್ಥಿತಿ ನೋಡಲು ಬೆಂಗಳೂರಿಗೆ ಹೋಗಬೇಕಿಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮೊಬೈಲಿನಲ್ಲೇ ಸಿಗುತ್ತದೆ.

4,000 ಈಗ ಟ್ಯೂಷನ್ ಫೀಸಿಗೂ ಸಾಲಲ್ಲ. ಜಾಸ್ತಿ ಮಾಡಿಸಬಹುದಾ?

ಅದೇ 146ನೇ ಸೆಕ್ಷನ್, ಈ ಸಲ ನಿಮ್ಮ ಕಡೆಯಿಂದ. ಒಂದು ಕಾಲದಲ್ಲಿ 500 ರೂಪಾಯಿ ಮೀರಬಾರದು ಅಂತಿತ್ತು, 2001ರ ತಿದ್ದುಪಡಿಯಲ್ಲಿ ಆ ಮಿತಿ ಹೋಯಿತು. ಶಾಲೆಯ ರಸೀದಿ, ಬಸ್ ಪಾಸು, ಔಷಧಿ ಬಿಲ್ಲು ಸೇರಿಸಿ. ಹೊಸದಾಗಿ ಕೇಸು ಹಾಕುವವರಿಗೆ ಒಂದು ಅನುಕೂಲ ಇದೆ. 2020ರ ತೀರ್ಪಿನ ನಂತರ ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು. ನನ್ನ ಆದೇಶ ಅದಕ್ಕಿಂತ ಹಿಂದಿನದು, ನನಗೆ ಆದೇಶದ ದಿನದಿಂದ ಮಾತ್ರ ಸಿಕ್ಕಿತು. ಕೇಸು ಮುಗಿಯುವವರೆಗೆ ಮಧ್ಯಂತರ ಜೀವನಾಂಶವನ್ನೂ ಕೇಳಿ. ನೋಟಿಸ್ ಮುಟ್ಟಿ 60 ದಿನದೊಳಗೆ ಆದಷ್ಟು ಮಟ್ಟಿಗೆ ಅದನ್ನು ತೀರ್ಮಾನಿಸಬೇಕು ಅಂತ ಕಾನೂನಿದೆ. ಆಗದಿದ್ದಾಗ ಆ 60ನ್ನು ನೆನಪಿಸುವುದರಲ್ಲಿ ತಪ್ಪಿಲ್ಲ.

ವಾಯಿದೆ ದಿನ ಏನೇನು ತಗೊಂಡು ಹೋಗಲಿ?

ಆದೇಶದ ನಕಲು, ಲೆಕ್ಕದ ಪುಸ್ತಕ, ಎಂಟ್ರಿ ಹಾಕಿಸಿದ ಪಾಸ್‌ಬುಕ್, ಮಗುವಿನ ಆಧಾರ್, ಎಲ್ಲದರ ಎರಡೆರಡು ಜೆರಾಕ್ಸ್. ಹಿಂದಿನ ಡೇಟಿನಲ್ಲಿ ಏನಾಯಿತು ಅಂತ ಬರೆದ ಒಂದು ಸಾಲು. ಒಂದು ಪೆನ್ನು. ಹತ್ತೂವರೆಗೇ ಹೋಗಿ, ಹೆಸರು ಕೂಗಿದಾಗ ಹೊರಗೆ ಟೀ ಕುಡಿಯುತ್ತಿದ್ದರೆ ಅರ್ಜಿ ಡಿಸ್‌ಮಿಸ್ ಆಗಬಹುದು. ಸಂಜೆಯವರೆಗೂ ಕೂರಬೇಕಾಗಬಹುದು, ರೊಟ್ಟಿಯೋ ಚಿತ್ರಾನ್ನವೋ ಕಟ್ಟಿಕೊಂಡು ಹೋಗಿ. ಸಾಕ್ಷಿ ಹೇಳಲು ಕರೆದಿಲ್ಲ ಅಂದರೆ ಮಗುವನ್ನು ಕರೆದೊಯ್ಯಬೇಡಿ, ಶಾಲೆಗೆ ಕಳಿಸಿ. ದುಡ್ಡು ಬಂದರೆ ಅಲ್ಲೇ ಎಣಿಸಿ, ಯಾವ ಯಾವ ತಿಂಗಳ ಬಾಕಿ ಅಂತ ಆರ್ಡರ್ ಶೀಟಿನಲ್ಲಿ ಬರೆದಿದ್ದಾರಾ ನೋಡಿ, ಆಮೇಲೆ ಸಹಿ ಹಾಕಿ. ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಕೆಂಪು ಪುಸ್ತಕ ತೆಗೆದು ಬಲಗಡೆ ಖಾನೆ ತುಂಬಿ.